ಮನೆಯ ತಿಗಣೆ: ಗುರುತು ಮತ್ತು ನಿವಾರಣೆ

ಮನುಷ್ಯನ ರಕ್ತ ಕುಡಿದು, ಅವನು ಮಲಗುವ ಜಾಗದ ಸಂದುಗೊಂದುಗಳಲ್ಲೇ ಸಂಸಾರ ಹೂಡುವ ರೆಕ್ಕೆಯಿಲ್ಲದ ಚಪ್ಪಟೆ ಕೀಟ ತಿಗಣೆ. ಉತ್ತರ ಕರ್ನಾಟಕದ ಕಡೆ ತಗಣಿ ಎನ್ನುತ್ತಾರೆ, ಸಂಸ್ಕೃತದಲ್ಲಿ ಮತ್ಕುಣ. ಇದು ಹೆಮಿಪ್ಟೆರ ಗಣದ ಸೈಮಿಸಿಡೀ ಕುಟುಂಬಕ್ಕೆ ಸೇರಿದೆ. ಈ ಕುಟುಂಬದ ಬಹುಪಾಲು ಪ್ರಭೇದಗಳು ಬಾವಲಿಗಳನ್ನೂ ಹಕ್ಕಿಗಳನ್ನೂ ನೆಚ್ಚಿಕೊಂಡಿವೆ. ಮನುಷ್ಯನ ಬೆನ್ನು ಹತ್ತಿದವುಗಳಲ್ಲಿ ಮುಖ್ಯವಾದವು ಎರಡು. ಸೈಮೆಕ್ಸ್ ಲೆಕ್ಟುಲೇರಿಯಸ್ ತಂಪು ದೇಶಗಳದು. 1758ರಲ್ಲಿ ಲಿನೇಯಸ್ ಹೆಸರಿಸಿದ್ದು. ಸೈಮೆಕ್ಸ್ ಹೆಮಿಪ್ಟೆರಸ್ ಉಷ್ಣವಲಯದ್ದು. ಅದಕ್ಕೆ 1803ರಲ್ಲಿ ಹೆಸರಿಟ್ಟವನು ಫ್ಯಾಬ್ರಿಷಿಯಸ್. ದಕ್ಷಿಣ ಭಾರತದ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವುದು ಈ ಎರಡನೆಯದು.

ಈ ವ್ಯತ್ಯಾಸವನ್ನು ಆರಂಭದಲ್ಲೇ ಹೇಳಿಬಿಡಲು ಕಾರಣವಿದೆ. ತಿಗಣೆಯ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಮೊದಲನೆಯ ಪ್ರಭೇದವನ್ನೂ, ನೆಲಕ್ಕೆ ಕಾರ್ಪೆಟ್ ಹಾಸಿ ಬಟ್ಟೆಯನ್ನು ಯಂತ್ರದಲ್ಲಿ ಒಣಗಿಸುವ ಚಳಿದೇಶದ ಮನೆಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದವು. ರೆಡ್ ಆಕ್ಸೈಡ್ ಅಥವಾ ಟೈಲ್ಸ್ ನೆಲ, ಗೋಡೆಗೆ ಹೊಡೆದ ಮೊಳೆಗಳಲ್ಲಿ ತೂಗುವ ಕ್ಯಾಲೆಂಡರು, ದಿವಾನ್ ಕಾಟ್, ಹತ್ತಿಯ ಹಾಸಿಗೆ, ತೆಂಗಿನ ನಾರಿನ ಮ್ಯಾಟ್ರೆಸ್ ಇರುವ ನಮ್ಮ ಮನೆಗಳಿಗೆ ಆ ಸಲಹೆಗಳನ್ನು ಹಾಗೇ ಅನ್ವಯಿಸಲಾಗದು.

ದೇಹ ಮತ್ತು ಬದುಕು

ಬೆಳೆದ ತಿಗಣೆಯ ಉದ್ದ ಸುಮಾರು 4ರಿಂದ 6 ಮಿ.ಮೀ. ಗಾತ್ರದಲ್ಲೂ ಬಣ್ಣದಲ್ಲೂ ಚಪ್ಪಟೆತನದಲ್ಲೂ ಹುರುಳಿಕಾಳನ್ನು ಹೋಲುತ್ತದೆ. ಹೊಟ್ಟೆ ತುಂಬಿದ ಮೇಲೆ ಅದೇ ಕೀಟ ಉಬ್ಬಿ, ಉದ್ದವಾಗಿ, ಕಡುಗೆಂಪಾಗುವುದರಿಂದ ಹಸಿದದ್ದನ್ನೂ ಉಂಡದ್ದನ್ನೂ ಬೇರೆ ಬೇರೆ ಹುಳುಗಳೆಂದು ತಿಳಿಯುವವರುಂಟು. ಹಾರಲಾರದು, ನೆಗೆಯಲಾರದು, ಓಡಬಲ್ಲದು. ಹಾಸಿಗೆಯಿಂದ ಚಂಗನೆ ಹಾರಿದ್ದು ತಿಗಣೆಯಲ್ಲ, ಚಿಗಟ.

ಮೊಟ್ಟೆ ಬೆಳ್ಳಗೆ, ಸುಮಾರು 1 ಮಿ.ಮೀ. ಉದ್ದ, ಅಂಟಿನಿಂದ ಮರಕ್ಕೋ ಬಟ್ಟೆಗೋ ಕಚ್ಚಿಕೊಂಡಿರುತ್ತದೆ. ಹಾಸಿಗೆ ಕೊಡವಿದರೆ ಉದುರುವುದಿಲ್ಲ. ಬೆಚ್ಚಗಿನ ಹವೆಯಲ್ಲಿ ವಾರದೊಳಗೋ ಹತ್ತು ದಿನದೊಳಗೋ ಒಡೆಯುತ್ತದೆ. ಹೊರಬಂದ ಮರಿ ಐದು ಸಲ ಪೊರೆ ಕಳಚಿ ದೊಡ್ಡದಾಗಬೇಕು. ಪ್ರತಿ ಸಲ ಪೊರೆ ಬಿಡುವ ಮುನ್ನ ಒಂದು ಊಟವಾದರೂ ರಕ್ತ ಸಿಗಲೇಬೇಕು. ಮರಿಯ ಮೈ ಒಣಹುಲ್ಲಿನ ಬಣ್ಣದ್ದು, ಪಾರದರ್ಶಕ. ತಿಳಿಬಣ್ಣದ ಹಾಸಿಗೆಯ ಮೇಲೆ ಅದು ಕಾಣಿಸುವುದು ಕುಡಿದ ರಕ್ತ ಹೊಟ್ಟೆಯೊಳಗೆ ಕೆಂಪುಚುಕ್ಕೆಯಾಗಿ ತೋರಿದಾಗಲೇ. ನಮ್ಮ ಸೆಕೆಯಲ್ಲಿ ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಐದಾರು ವಾರ ಸಾಕು. ಹೆಣ್ಣು ತನ್ನ ಜೀವಿತದಲ್ಲಿ ನೂರಾರು ಮೊಟ್ಟೆ ಇಡುತ್ತದೆ. ಊಟ ಸಿಗದಿದ್ದರೆ ಕೆಲವು ತಿಂಗಳು ಉಪವಾಸವಿರಬಲ್ಲದು. ತಂಪು ಹವೆಯಲ್ಲಿ ಈ ಅವಧಿ ಇನ್ನೂ ಹೆಚ್ಚು. ಬೇಸಿಗೆ ರಜೆಗೆ ಊರಿಗೆ ಹೋಗಿ ಮನೆಗೆ ಬೀಗ ಹಾಕಿದರೆ ತಿಗಣೆ ಸಾಯುತ್ತದೆಂಬ ಆಸೆ ಆದ್ದರಿಂದಲೇ ಕೈಗೂಡುವುದಿಲ್ಲ.

ರಕ್ತದಲ್ಲಿ ಬಿ ಗುಂಪಿನ ಜೀವಸತ್ವಗಳು ಕಡಿಮೆ. ಆ ಕೊರತೆಯನ್ನು ತಿಗಣೆಯ ದೇಹದೊಳಗೆ ವಾಸಿಸುವ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ತುಂಬಿಕೊಡುತ್ತದೆ. ಇವುಗಳ ಕೂಡುವಿಕೆಯೂ ವಿಚಿತ್ರ: ಗಂಡು ಹೆಣ್ಣಿನ ಹೊಟ್ಟೆಯ ಗೋಡೆಯನ್ನೇ ಚುಚ್ಚಿ ವೀರ್ಯ ಸೇರಿಸುತ್ತದೆ. ಮನೆಯೊಡೆಯನಿಗೆ ಇದರಲ್ಲಿ ಮುಖ್ಯವಾದ ಸಂಗತಿ ಒಂದೇ. ಒಮ್ಮೆ ಕೂಡಿದ ಒಂದೇ ಒಂದು ಹೆಣ್ಣು ಸೂಟ್‌ಕೇಸಿನ ಹೊಲಿಗೆಯಲ್ಲಿ ಕುಳಿತು ಬಂದರೆ ಸಾಕು. ಅದರ ಮರಿಗಳು ತಮ್ಮತಮ್ಮಲ್ಲೇ ಕೂಡಿ ಹೊಸ ವಸಾಹತು ಕಟ್ಟಿಬಿಡುತ್ತವೆ.

ತಿಗಣೆ ಸಾಮಾನ್ಯವಾಗಿ ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ ಹೊರಬರುತ್ತದೆ. ಮಲಗಿದವನ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಶಾಖ, ಮೈವಾಸನೆಗಳು ಅದಕ್ಕೆ ದಾರಿ ತೋರಿಸುತ್ತವೆ. ಐದರಿಂದ ಹತ್ತು ನಿಮಿಷದಲ್ಲಿ ಊಟ ಮುಗಿಸಿ ಮರಳುತ್ತದೆ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ, ರಕ್ತನಾಳ ಹಿಗ್ಗಿಸುವ ಪದಾರ್ಥಗಳಿರುತ್ತವೆ. ಕಡಿದದ್ದು ಆಗಲೇ ತಿಳಿಯುವುದು ಅಪರೂಪ.

ಗುರುತಿಸುವ ಬಗೆ

ತಿಗಣೆ ವಿಚಾರದಲ್ಲಿ ಜನ ಮಾಡುವ ಅತಿ ದೊಡ್ಡ ತಪ್ಪು ಹುಳು ಕಾಣುವ ಮೊದಲೇ ಔಷಧಿ ಹೊಡೆಯುವುದು. ಮೈಮೇಲೆ ದದ್ದು ಎದ್ದಿತೆಂಬುದು ಸಾಕ್ಷಿಯಲ್ಲ. ತಿಗಣೆಯ ಕಡಿತವನ್ನು ಬರೀ ಕಣ್ಣಳತೆಯಿಂದ ಸೊಳ್ಳೆಯ ಕಡಿತದಿಂದ ಬೇರ್ಪಡಿಸಿ ಹೇಳುವುದು ಚರ್ಮವೈದ್ಯರಿಗೂ ಕಷ್ಟ. ಸಾಲಾಗಿ ಮೂರು ಗಂದೆ ಎದ್ದರೆ ತಿಗಣೆಯೇ ಎಂಬ ಮಾತಿದೆ. ಎಷ್ಟೋ ಸಲ ಅದು ನಿಜ, ಎಷ್ಟೋ ಸಲ ಸುಳ್ಳು. ಕಣಕಾಲಿನ ಸುತ್ತ ಮಾತ್ರ ಕಡಿತವಿದ್ದರೆ ನಾಯಿ ಬೆಕ್ಕಿನ ಚಿಗಟವನ್ನು ಸಂಶಯಿಸಬೇಕು. ಬೆರಳ ಸಂದು, ಮಣಿಕಟ್ಟು, ಹೊಕ್ಕುಳ ಸುತ್ತ ತುರಿಕೆಯಿದ್ದು ರಾತ್ರಿ ಹೆಚ್ಚಾಗುತ್ತಿದ್ದರೆ ಅದು ಕಜ್ಜಿಯಿರಬಹುದು. ಅದಕ್ಕೆ ಬೇಕಾದದ್ದು ವೈದ್ಯರ ಔಷಧಿ, ಮಂಚಕ್ಕೆ ಹೊಡೆಯುವ ವಿಷವಲ್ಲ. ಇನ್ನೊಂದು ತೊಡಕೆಂದರೆ ಒಂದೇ ಹಾಸಿಗೆಯಲ್ಲಿ ಮಲಗುವ ಇಬ್ಬರಲ್ಲಿ ಒಬ್ಬರ ಮೈ ಊದಿಕೊಂಡರೆ ಇನ್ನೊಬ್ಬರ ಮೇಲೆ ಗುರುತೇ ಮೂಡದಿರಬಹುದು. ಮೊದಲ ಸಲ ಕಡಿಸಿಕೊಂಡವರಲ್ಲಿ ಗುರುತು ಮೂಡಲು ಎರಡು ವಾರ ಹಿಡಿಯುವುದೂ ಉಂಟು. ಹಾಗಾಗಿ "ನನಗೇನೂ ಕಚ್ಚುತ್ತಿಲ್ಲವಲ್ಲ" ಎನ್ನುವ ಗಂಡನ ಮಾತನ್ನು ಹೆಂಡತಿ ಪ್ರಮಾಣವಾಗಿ ತೆಗೆದುಕೊಳ್ಳಬೇಕಾಗಿಲ್ಲ.

ನಿಜವಾದ ಸಾಕ್ಷಿ ಹಾಸಿಗೆ ಮಂಚಗಳಲ್ಲೇ ಇರುತ್ತದೆ. ಎಲ್ಲಕ್ಕಿಂತ ನಂಬಬಹುದಾದದ್ದು ಕಪ್ಪು ಚುಕ್ಕೆ. ಜೀರ್ಣವಾದ ರಕ್ತವನ್ನು ತಿಗಣೆ ಶಾಯಿಯ ಹನಿಯಂತೆ ವಿಸರ್ಜಿಸುತ್ತದೆ. ಬಟ್ಟೆಯ ಮೇಲೆ ಅದು ಇಂಗಿ ಹರಡಿರುತ್ತದೆ, ಮರದ ಮೇಲೆ ಉಬ್ಬಿದ ಚುಕ್ಕೆಯಾಗಿ ನಿಂತಿರುತ್ತದೆ. ಒದ್ದೆ ಹತ್ತಿಯಿಂದ ಉಜ್ಜಿದರೆ ಕಂದುಗೆಂಪು ಬಣ್ಣ ಬಿಡುತ್ತದೆ. ಜಿರಲೆಯ ಹಿಕ್ಕೆ ಕಾಳುಕಾಳಾಗಿದ್ದು ಉದುರುವುದರಿಂದ ಎರಡನ್ನೂ ಬೇರ್ಪಡಿಸುವುದು ಸುಲಭ. ಎರಡನೆಯ ಗುರುತು ಕಳಚಿದ ಪೊರೆ: ತಿಗಣೆಯದೇ ಆಕಾರದ, ಟೊಳ್ಳಾದ, ಹಳದಿ ಮಿಶ್ರಿತ ಕಂದು ಸಿಪ್ಪೆ. ಮಗ್ಗುಲು ಬದಲಿಸುವಾಗ ಉಂಡ ತಿಗಣೆ ಜಜ್ಜಿಹೋಗಿ ಬೆಡ್‌ಶೀಟಿನ ಮೇಲೆ ಬೀಳುವ ರಕ್ತದ ಗೆರೆ ಮೂರನೆಯದು.

ವಾಸನೆಯೂ ಒಂದು ಗುರುತು. ಕೊತ್ತಂಬರಿ ಸೊಪ್ಪಿನ ಘಾಟನ್ನು ನೆನಪಿಸುವ, ಆದರೆ ಮುಖ ಸಿಂಡರಿಸುವಂಥ ವಾಸನೆಯದು. ತಿಗಣೆ ಬೆದರಿದಾಗ ಸೂಸುವ ರಾಸಾಯನಿಕಗಳೂ ಕೊತ್ತಂಬರಿ ಸೊಪ್ಪಿಗೆ ಘಮ ಕೊಡುವ ಕೆಲವು ಪದಾರ್ಥಗಳೂ ಆಲ್ಡಿಹೈಡ್ ಎಂಬ ಒಂದೇ ವರ್ಗದವು. ಆದರೆ ವಾಸನೆ ಮೂಗಿಗೆ ಬಡಿಯುವಷ್ಟು ಹೊತ್ತಿಗೆ ಮನೆಯಲ್ಲಿ ತಿಗಣೆ ಚೆನ್ನಾಗಿಯೇ ಬೇರೂರಿರುತ್ತದೆ.

ಹುಡುಕಲು ಬೇಕಾದದ್ದು ಒಳ್ಳೆಯ ಟಾರ್ಚು ಮತ್ತು ಬಳಸಿಬಿಟ್ಟ ಎಟಿಎಂ ಕಾರ್ಡು. ಕಾರ್ಡನ್ನು ಸಂದಿನಲ್ಲಿ ತೂರಿಸಿ ಎಳೆದರೆ ಒಳಗೆ ಕುಳಿತದ್ದು ಹೊರಬರುತ್ತದೆ. ಮೊದಲು ಹಾಸಿಗೆಯ ಅಂಚಿನ ಹೊಲಿಗೆ, ಮೂಲೆಯ ಮಡಿಕೆ, ಕಂಪನಿಯ ಲೇಬಲ್ಲಿನ ಅಡಿ. ಆಮೇಲೆ ಮಂಚದ ಕೀಲು, ಸ್ಕ್ರೂ ಕೂರುವ ತೂತು, ತಲೆದಿಕ್ಕಿನ ಹಲಗೆಯ ಹಿಂಬದಿ, ಪ್ಲೈವುಡ್ ಅಂಚಿನ ಬಿರುಕು. ಹಳೆಯ ನವಾರು ಮಂಚವಾದರೆ ಪಟ್ಟಿಗಳು ಒಂದರ ಮೇಲೊಂದು ಹಾಯುವಲ್ಲೆಲ್ಲ ನೋಡಬೇಕು. ಅಲ್ಲಿಂದ ಗೋಡೆಗೆ: ಫೋಟೋ ಫ್ರೇಮಿನ ಹಿಂಬದಿ, ಕ್ಯಾಲೆಂಡರಿನ ಮೇಲಿನ ತಗಡಿನ ಪಟ್ಟಿ, ಗಿಲಾವು ಬಿಟ್ಟ ಬಿರುಕು, ಬಾಗಿಲ ಚೌಕಟ್ಟು ಗೋಡೆಗೆ ಕೂಡುವ ಗೆರೆ, ಸ್ವಿಚ್ ಬೋರ್ಡು (ಮೇನ್ ಆಫ್ ಮಾಡಿದ ಮೇಲೆ). ನಮ್ಮ ಮನೆಗಳಲ್ಲಿ ಬಹಳ ಜನ ಮರೆಯುವ ಜಾಗ ಸೊಳ್ಳೆಪರದೆ. ಅದರ ಅಂಚಿನ ದಪ್ಪ ಬಟ್ಟೆಯ ಮಡಿಕೆ, ನಾಲ್ಕು ಮೂಲೆಯ ಲಾಡಿ ಕಟ್ಟುವ ಜಾಗ ತಿಗಣೆಗೆ ಹೇಳಿ ಮಾಡಿಸಿದ್ದು. ಪ್ಲಾಸ್ಟಿಕ್ ಕುರ್ಚಿಯ ಅಡಿಭಾಗವನ್ನೂ ಸುರುಳಿ ಸುತ್ತಿಟ್ಟ ಚಾಪೆಯನ್ನೂ ಅಟ್ಟಕ್ಕೆ ಹಾಕಿದ ಕೌದಿಯನ್ನೂ ಬಿಡಬಾರದು. ಹುಡುಕಾಟ ಮಲಗುವ ಜಾಗದಿಂದ ಆರಂಭವಾಗಿ ಹೊರಕ್ಕೆ ಹರಡಬೇಕು. ತಿಗಣೆ ಊಟದಿಂದ ತೀರ ದೂರ ಮನೆ ಮಾಡುವುದಿಲ್ಲ.

ಕಂಡ ಹುಳುವನ್ನು ಹೊಸಕಿ ಹಾಕುವ ಬದಲು ಪಾರದರ್ಶಕ ಸೆಲ್ಲೋಟೇಪಿಗೆ ಅಂಟಿಸಿಟ್ಟರೆ ಗುರುತಿಸಲು ಅನುಕೂಲ. ಜಿರಲೆಯ ಎಳೆಮರಿ, ಬಟ್ಟೆ ತಿನ್ನುವ ದುಂಬಿಯ ರೋಮಭರಿತ ಮರಿ, ಉಣ್ಣೆ, ಪುಸ್ತಕದ ಹೇನು ಇವೆಲ್ಲ ತಿಗಣೆಯೆಂಬ ಆರೋಪ ಹೊತ್ತು ಸಾಯುತ್ತಿರುತ್ತವೆ. ಆರು ಕಾಲು, ನಾಲ್ಕು ಗಣ್ಣಿನ ಮೀಸೆ, ಮೈಯಡಿಗೆ ಮಡಿಚಿಟ್ಟ ಸೊಂಡಿಲು ಇದ್ದರೆ ತಿಗಣೆ. ಚಾವಣಿಯಲ್ಲಿ ಬಾವಲಿ, ಕಿಟಕಿಯ ಮೇಲೆ ಪಾರಿವಾಳ, ಹಿತ್ತಲಲ್ಲಿ ಕೋಳಿಗೂಡು ಇದ್ದರೆ ಅವುಗಳ ಸಂಬಂಧಿ ಹುಳುಗಳು ಒಳಬಂದಿರುವ ಸಾಧ್ಯತೆಯನ್ನೂ ನೋಡಬೇಕು. ಆಗ ಗೂಡು ತೆರವುಗೊಳಿಸದೆ ಮಂಚಕ್ಕೆ ಏನು ಮಾಡಿದರೂ ವ್ಯರ್ಥ.

ಕಡಿತ ಮತ್ತು ಆರೋಗ್ಯ

ತಿಗಣೆಯ ದೇಹದಲ್ಲಿ ಹಲವು ಬಗೆಯ ರೋಗಾಣುಗಳು ಪತ್ತೆಯಾಗಿವೆ. ಆದರೆ ಸಹಜ ಪರಿಸರದಲ್ಲಿ ಅದು ಮನುಷ್ಯನಿಂದ ಮನುಷ್ಯನಿಗೆ ರೋಗ ದಾಟಿಸುತ್ತದೆಂದು ಈವರೆಗೆ ಸಿದ್ಧವಾಗಿಲ್ಲ. ಈ ಪ್ರಶ್ನೆಯ ಚರಿತ್ರೆಯಲ್ಲಿ ದಕ್ಷಿಣ ಭಾರತಕ್ಕೂ ಒಂದು ಪಾತ್ರವಿದೆ. ಮದ್ರಾಸಿನಲ್ಲಿದ್ದ ವೈದ್ಯಾಧಿಕಾರಿ ಡಬ್ಲ್ಯು. ಎಸ್. ಪ್ಯಾಟನ್ 1907ರಲ್ಲಿ, ಕಾಲಾ ಅಜಾರ್ ರೋಗದ ಪರಾವಲಂಬಿಗಳು ತಿಗಣೆಯ ಕರುಳಿನಲ್ಲಿ ಬೆಳೆಯುವುದನ್ನು ವರದಿ ಮಾಡಿದ. ಪರಾವಲಂಬಿ ಬೆಳೆದದ್ದು ನಿಜವಿರಬಹುದು. ಆದರೆ ಕಡಿತದ ಮೂಲಕ ರೋಗ ದಾಟುವುದನ್ನು ತೋರಿಸಲಾಗಲಿಲ್ಲ. ಮೂರೂವರೆ ದಶಕದ ಬಳಿಕ, 1942ರಲ್ಲಿ, ಸ್ವಾಮಿನಾಥ್, ಶಾರ್ಟ್ ಮತ್ತು ಆಂಡರ್ಸನ್ ಸ್ವಯಂಸೇವಕರ ಮೇಲೆ ನಡೆಸಿದ ಪ್ರಯೋಗದಿಂದ ವಾಹಕ ಮರಳುನೊಣವೆಂದು ಖಚಿತವಾಯಿತು. ಆ ಒಂದು ಅಪವಾದದಿಂದ ತಿಗಣೆ ಪಾರಾಯಿತು.

ಹಾಗೆಂದು ಅದು ನಿರುಪದ್ರವಿಯಲ್ಲ. ತುರಿಸಿ ತುರಿಸಿ ಗಾಯವಾಗಿ ಕೀವಾಗುವುದು ಮಕ್ಕಳಲ್ಲಿ ಸಾಮಾನ್ಯ. ವಿಪರೀತ ತಿಗಣೆಯಿರುವ ಕಡೆ ಮುದುಕರಲ್ಲೂ ಮಕ್ಕಳಲ್ಲೂ ರಕ್ತಹೀನತೆ ಕಂಡದ್ದುಂಟು. ತಿಗಣೆಯ ಮಲದಲ್ಲಿ, ಅಲರ್ಜಿಯಲ್ಲಿ ತುರಿಕೆ ಊತ ತರುವ ಹಿಸ್ಟಮಿನ್ ಎಂಬ ರಾಸಾಯನಿಕ ಇರುತ್ತದೆ. ಮುತ್ತಿಕೊಂಡ ಮನೆಗಳ ದೂಳಿನಲ್ಲಿ ಅದು ಬಹುಕಾಲ ಉಳಿಯುತ್ತದೆಂದು ಅಧ್ಯಯನಗಳು ತೋರಿಸಿವೆ. ಇನ್ನು ನಿದ್ದೆಗೇಡು, ನೆಂಟರನ್ನು ಕರೆಯಲಾಗದ ಮುಜುಗರ, ತಿಗಣೆ ಹೋದ ಮೇಲೂ ಮೈಮೇಲೆ ಏನೋ ಹರಿದಂತಾಗುವ ಭ್ರಮೆ ಇವೂ ಅದು ಕೊಡುವ ಕಾಟದ ಭಾಗವೇ. ಕಡಿದ ಜಾಗವನ್ನು ಸೋಪುನೀರಿನಿಂದ ತೊಳೆದು, ತಣ್ಣನೆಯ ಬಟ್ಟೆ ಇಟ್ಟು, ಕ್ಯಾಲಮೈನ್ ಲೋಷನ್ ಹಚ್ಚಿದರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ಮೈಯೆಲ್ಲ ಗಂದೆ ಎದ್ದರೆ, ಉಸಿರು ಕಟ್ಟಿದಂತಾದರೆ, ಕೀವಾದರೆ ವೈದ್ಯರನ್ನು ಕಾಣಬೇಕು.

ಹಳೆಯ ಸಹವಾಸಿ

ಈಜಿಪ್ಟಿನ ಅಮರ್ನಾದಲ್ಲಿ ಕೆಲಸಗಾರರು ವಾಸಿಸುತ್ತಿದ್ದ ಕೇರಿಯ ಅವಶೇಷಗಳಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ತಿಗಣೆಗಳು ಸಿಕ್ಕಿವೆ. ನಮ್ಮಲ್ಲೂ ಪರಿಚಯ ಹಳೆಯದು. ಪಂಚತಂತ್ರದಲ್ಲಿ ರಾಜನ ಹಾಸಿಗೆಯಲ್ಲಿ ನೆಮ್ಮದಿಯಾಗಿದ್ದ ಹೇನೊಂದು ಅತಿಥಿಯಾಗಿ ಬಂದ ತಿಗಣೆಯ ಆತುರದಿಂದ ಪ್ರಾಣ ಕಳೆದುಕೊಳ್ಳುತ್ತದೆ. ಲಕ್ಷ್ಮಿ ಕಮಲದಲ್ಲೂ ಶಿವ ಹಿಮಾಲಯದಲ್ಲೂ ವಿಷ್ಣು ಹಾಲ್ಗಡಲಲ್ಲೂ ಮಲಗಲು ಕಾರಣ ತಿಗಣೆಯ ಭಯವೇ ಇರಬೇಕು ಎಂದು ತಮಾಷೆ ಮಾಡುವ ಸಂಸ್ಕೃತ ಚಾಟುಶ್ಲೋಕವೊಂದು ಪಂಡಿತರ ಬಾಯಲ್ಲಿ ಪ್ರಸಿದ್ಧ. ಹಳೆಯ ಟಾಕೀಸುಗಳ ಬೆಂಚಿನಲ್ಲಿ ಕುಳಿತು ಸಿನಿಮಾ ನೋಡಿದ ತಲೆಮಾರಿಗೆ ಇದರ ಬಗ್ಗೆ ಪುರಾಣದ ಆಧಾರ ಬೇಕಾಗಿಲ್ಲ.

ಎರಡನೆಯ ಮಹಾಯುದ್ಧದ ನಂತರ ಡಿಡಿಟಿ ಬಂದಾಗ ತಿಗಣೆಯ ಕಥೆ ಮುಗಿಯಿತೆಂದೇ ಎಲ್ಲರೂ ತಿಳಿದರು. ಡಿಡಿಟಿಯ ಕೀಟನಾಶಕ ಗುಣವನ್ನು 1939ರಲ್ಲಿ ಕಂಡುಹಿಡಿದ ಪೌಲ್ ಮುಲ್ಲರ್‌ಗೆ 1948ರಲ್ಲಿ ನೊಬೆಲ್ ಪ್ರಶಸ್ತಿ ಸಿಕ್ಕಿತು. ಅದಕ್ಕೂ ಒಂದು ವರ್ಷ ಮೊದಲೇ, 1947ರಲ್ಲಿ, ಹವಾಯಿಯ ಪರ್ಲ್ ಹಾರ್ಬರಿನಲ್ಲಿ ಡಿಡಿಟಿಗೆ ಬಗ್ಗದ ತಿಗಣೆಗಳು ಕಂಡುಬಂದಿದ್ದವು. ಭಾರತದಲ್ಲಿ 1953ರ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಡಿ ಊರೂರಿನ ಗೋಡೆಗಳಿಗೆ ಡಿಡಿಟಿ ಸಿಂಪಡಿಸಲಾಯಿತು. ತಿಗಣೆ ಸಾಯುತ್ತದೆಂಬ ಕಾರಣಕ್ಕೆ ಆರಂಭದಲ್ಲಿ ಬಾಗಿಲು ತೆರೆದ ಜನ, ನಿರೋಧಶಕ್ತಿ ಬೆಳೆಸಿಕೊಂಡ ತಿಗಣೆಗಳು ಸಿಂಪಡಣೆಯಿಂದ ಕೆರಳಿ ಇನ್ನಷ್ಟು ಓಡಾಡತೊಡಗಿದಾಗ ಸಿಂಪಡಿಸುವವರನ್ನು ಬೇಡವೆಂದ ಉದಾಹರಣೆಗಳುಂಟು. ಸೊಳ್ಳೆಗಾಗಿ ಹೊಡೆದ ವಿಷದ ಯಶಸ್ಸನ್ನು ಜನ ತಿಗಣೆಯಿಂದ ಅಳೆದದ್ದು ಮಲೇರಿಯಾ ಇಲಾಖೆಗೆ ದೊಡ್ಡ ತಲೆನೋವಾಯಿತು.

1990ರ ದಶಕದ ಕೊನೆಯಿಂದ ಅಮೆರಿಕ, ಯುರೋಪ್, ಆಸ್ಟ್ರೇಲಿಯಾಗಳಲ್ಲಿ ತಿಗಣೆ ಮರಳಿ ಹೆಚ್ಚಿತು. 2023ರಲ್ಲಿ ಪ್ಯಾರಿಸ್ ನಗರದ ತಿಗಣೆ ಗಲಾಟೆ ಜಗತ್ತಿನ ಪತ್ರಿಕೆಗಳಿಗೆಲ್ಲ ಸುದ್ದಿಯಾಯಿತು. ಪ್ರಯಾಣ ಹೆಚ್ಚಿದ್ದು ಒಂದು ಕಾರಣ. ಇಂದು ಮನೆಬಳಕೆಯ ಹೆಚ್ಚಿನ ಸ್ಪ್ರೇಗಳಲ್ಲಿರುವ ಪೈರಿಥ್ರಾಯ್ಡ್ ಗುಂಪಿನ ವಿಷಗಳನ್ನು ತಿಗಣೆ ತಾಳಿಕೊಳ್ಳಲು ಕಲಿತದ್ದು ಇನ್ನೊಂದು. ಅದರ ನರಕೋಶದಲ್ಲಿ ವಿಷ ಕೂರುವ ಜಾಗವೇ ಬದಲಾಗಿದೆ, ಹೊರಚರ್ಮ ದಪ್ಪವಾಗಿದೆ, ವಿಷವನ್ನು ಒಡೆದುಹಾಕುವ ಕಿಣ್ವಗಳು ಹೆಚ್ಚಿವೆ. ಅಂಗಡಿಯಿಂದ ತಂದ ಡಬ್ಬಿ ಜಿರಲೆಯನ್ನು ಕೊಂದು ತಿಗಣೆಯನ್ನು ಬಿಡುವುದಕ್ಕೆ ಕಾರಣ ಇದೇ.

ಬರುವ ದಾರಿ

ತಿಗಣೆ ಕೊಳಕಿನಿಂದ ಹುಟ್ಟುವುದಿಲ್ಲ, ಹೊರಗಿನಿಂದ ಬರುತ್ತದೆ. ಲಾಡ್ಜಿನ ಮಂಚ, ರೈಲಿನ ಬರ್ತು, ಸ್ಲೀಪರ್ ಬಸ್ಸು, ಹಾಸ್ಟೆಲಿನಿಂದ ರಜೆಗೆ ಬಂದ ಮಗನ ಟ್ರಂಕು, ಕಡಿಮೆ ಬೆಲೆಗೆ ಸಿಕ್ಕಿತೆಂದು ತಂದ ಹಳೆಯ ಸೋಫಾ ಇವು ಅದರ ವಾಹನಗಳು. ಮಂಗಳೂರಿನಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೊರಟು ತಿಗಣೆ ಕಡಿಸಿಕೊಂಡ ಪ್ರಯಾಣಿಕರಿಗೆ ಪರಿಹಾರ ಕೊಡುವಂತೆ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ಆಯೋಗ ಆದೇಶಿಸಿದ್ದು ಪತ್ರಿಕೆಗಳಲ್ಲಿ ವರದಿಯಾಗಿತ್ತು. ಮನೆ ಚೊಕ್ಕಟವಾಗಿದ್ದರೆ ಬರುವುದಿಲ್ಲವೆಂಬ ಭರವಸೆ ಇಲ್ಲ. ಸಾಮಾನು ಕಡಿಮೆಯಿದ್ದರೆ ಬಂದದ್ದು ಬೇಗ ಕಣ್ಣಿಗೆ ಬೀಳುತ್ತದೆ, ಅಷ್ಟೇ. ಹೊರಗೆ ತಂಗುವಾಗ ಚೀಲವನ್ನು ಮಂಚದ ಮೇಲಿಡದೆ, ಮೊದಲು ಹಾಸಿಗೆಯ ಮೂಲೆ ಎತ್ತಿ ನೋಡುವುದು, ಮನೆಗೆ ಮರಳಿದೊಡನೆ ಬಟ್ಟೆಗಳನ್ನು ನೇರ ಬಿಸಿನೀರಿಗೆ ಹಾಕುವುದು ಒಳ್ಳೆಯ ರೂಢಿ.

ನಿವಾರಣೆ

ತಿಗಣೆ ಕಂಡ ರಾತ್ರಿ ಮೊದಲು ಮಾಡಬಾರದ್ದನ್ನು ತಿಳಿದಿರಬೇಕು. ಪಕ್ಕದ ಕೋಣೆಗೆ ಹೋಗಿ ಮಲಗಬಾರದು. ಊಟವನ್ನು ಅರಸಿ ಅವೂ ಅಲ್ಲಿಗೆ ಬರುತ್ತವೆ, ಒಂದು ಕೋಣೆಯ ತೊಂದರೆ ಎರಡಕ್ಕಾಗುತ್ತದೆ. ಹಾಸಿಗೆಯನ್ನು ಎಳೆದುಕೊಂಡು ಹೋಗಿ ಬೀದಿಗೆ ಎಸೆಯಬಾರದು. ದಾರಿಯುದ್ದಕ್ಕೂ ತಿಗಣೆ ಉದುರುತ್ತದೆ, ಹಾಸಿಗೆಯನ್ನು ಇನ್ನೊಬ್ಬರು ಹೊತ್ತೊಯ್ಯುತ್ತಾರೆ.

ನಂಬಬಹುದಾದ ಅಸ್ತ್ರ ಶಾಖ. ಇದಕ್ಕೆ ತಿಗಣೆ ನಿರೋಧ ಬೆಳೆಸಿಕೊಂಡಿಲ್ಲ. ಪ್ರಯೋಗಗಳ ಪ್ರಕಾರ 48 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆದ ತಿಗಣೆ ಬೇಗ ಸಾಯುತ್ತದೆ, ಮೊಟ್ಟೆಗೆ ಒಂದು ಗಂಟೆಗೂ ಹೆಚ್ಚು ಹೊತ್ತು ಬೇಕು. 55 ಡಿಗ್ರಿ ದಾಟಿದರೆ ಎರಡೂ ಉಳಿಯುವುದಿಲ್ಲ. ಬೆಡ್‌ಶೀಟು, ದಿಂಬಿನ ಚೀಲ, ಹೊದಿಕೆ, ಸೊಳ್ಳೆಪರದೆ, ಕರ್ಟನ್ನುಗಳನ್ನು ಮಂಚದ ಪಕ್ಕದಲ್ಲೇ ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ, ಬಾಯಿ ಕಟ್ಟಿ ಬಚ್ಚಲಿಗೆ ಒಯ್ಯಬೇಕು. 60 ಡಿಗ್ರಿಯ ವಾಷಿಂಗ್ ಮಷಿನ್ ಇದ್ದರೆ ಸರಿ. ಇಲ್ಲದವರಿಗೆ ಹಂಡೆಯ ಕುದಿನೀರು ಅಷ್ಟೇ ಒಳ್ಳೆಯದು. ಕೀಟನಾಶಕ ಲೇಪಿಸಿದ ಸೊಳ್ಳೆಪರದೆಯಾದರೆ ಬಿಸಿನೀರಿಗೆ ಲೇಪ ಹೋಗುತ್ತದೆಂಬುದು ನೆನಪಿರಲಿ. ಒಗೆಯಲಾಗದ ಬಟ್ಟೆಯ ಹೊಲಿಗೆಗಳ ಮೇಲೆ ಇಸ್ತ್ರಿಪೆಟ್ಟಿಗೆಯನ್ನು ನಿಧಾನವಾಗಿ ಒತ್ತುತ್ತ ಹೋಗಬಹುದು. ಸಣ್ಣ ವಸ್ತುಗಳನ್ನು ಚೀಲದಲ್ಲಿಟ್ಟು ಫ್ರೀಜರಿನಲ್ಲಿ ಸೊನ್ನೆಗಿಂತ 18 ಡಿಗ್ರಿ ಕೆಳಗೆ ನಾಲ್ಕು ದಿನ ಇಟ್ಟರೂ ಆಗುತ್ತದೆ. ಆದರೆ ಎಲ್ಲ ಮನೆಯ ಫ್ರಿಜ್ಜು ಅಷ್ಟು ತಣ್ಣಗಾಗುವುದಿಲ್ಲ.

ಮಂಚದ ಕೀಲಿಗೆ ಕೆಟಲಿನಿಂದ ಕುದಿಯುವ ನೀರು ಹೊಯ್ಯುವುದು ನಮ್ಮ ಅಜ್ಜಿಯಂದಿರ ಉಪಾಯ. ಘನವಾದ ಮರದ ಮಂಚವನ್ನು ಅಂಗಳಕ್ಕೆ ತಂದು, ಕೀಲು ಬಿಡಿಸಿ ಹೀಗೆ ಮಾಡಿದರೆ ಇಂದಿಗೂ ಫಲವಿದೆ. ಪ್ಲೈವುಡ್ಡಾದರೆ ಉಬ್ಬಿ ಹಾಳಾಗುತ್ತದೆ. ಬಿಸಿಲಿಗೆ ಹಾಕುವುದರ ಬಗ್ಗೆ ಅಷ್ಟು ಧೈರ್ಯವಾಗಿ ಹೇಳಲಾರೆ. ರಾಯಚೂರಿನ ಏಪ್ರಿಲ್ ಬಿಸಿಲಲ್ಲಿ ತಗಡಿನ ಮೇಲೆ ಹರಡಿದ ತೆಳು ಕೌದಿ ಬೇಕಾದಷ್ಟು ಕಾಯಬಹುದು. ದಪ್ಪ ಹಾಸಿಗೆಯ ಮೇಲ್ಮೈ ಕಾದರೂ ಒಳಗೆ ಕಾಯುವುದಿಲ್ಲ; ತಿಗಣೆ ನೆರಳಿನ ಮಗ್ಗುಲಿಗೆ ಸರಿದು ಸಂಜೆಗೆ ನಿಮ್ಮೊಡನೆ ಒಳಬರುತ್ತದೆ. ಮಡಿಕೇರಿಯಲ್ಲೋ ಜೂನ್ ತಿಂಗಳ ಬೆಂಗಳೂರಿನಲ್ಲೋ ಈ ಉಪಾಯ ನೆಚ್ಚಿಕೊಳ್ಳುವಂಥದಲ್ಲ.

ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಹೊಲಿಗೆ, ಸಂದುಗಳಲ್ಲಿ ಅದರ ಸಪೂರ ಮೂತಿ ಆಡಿಸಿ, ತುಂಬಿದ ಚೀಲವನ್ನು ಕಟ್ಟಿ ಮನೆಯಾಚೆ ಹಾಕಬೇಕು. ಅಂಟಿದ ಮೊಟ್ಟೆ ಅದಕ್ಕೆ ಬರುವುದಿಲ್ಲ; ಮೊದಲು ಬ್ರಷ್ಷಿನಿಂದ ಉಜ್ಜಬೇಕು. ಸ್ಟೀಮರ್ ಸಿಕ್ಕಿದರೆ ಇನ್ನೂ ಒಳ್ಳೆಯದು, ಆದರೆ ಹಬೆಯ ಮೂತಿಯನ್ನು ಬಲು ನಿಧಾನವಾಗಿ ಸರಿಸಬೇಕು. ರಭಸವಾಗಿ ಊದಿದರೆ ಹುಳು ಸಾಯುವ ಬದಲು ಹಾರಿಬೀಳುತ್ತದೆ. ಆಮೇಲೆ ಗೋಡೆಯ ಬಿರುಕಿಗೆ ವೈಟ್ ಸಿಮೆಂಟು, ಮರದ ಸಂದಿಗೆ ಪುಟ್ಟಿ, ಮೊಳೆ ಕಿತ್ತ ತೂತುಗಳಿಗೂ ಅದೇ. ಅಡಗುವ ಜಾಗ ಕಡಿಮೆಯಾದಷ್ಟೂ ಮುಂದಿನ ಕೆಲಸ ಹಗುರ. ಹಾಸಿಗೆಗೆ ಆರೂ ಮಗ್ಗುಲು ಮುಚ್ಚುವ, ಜಿಪ್ ಇರುವ ದಪ್ಪ ಕವರು ಹೊದಿಸಿದರೆ ಒಳಗುಳಿದವು ಹಸಿದು ಸಾಯುತ್ತವೆ, ಹೊರಗಿನವು ಒಳಸೇರುವುದಿಲ್ಲ.

ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಎಳೆದು, ಹೊದಿಕೆ ನೆಲಕ್ಕೆ ತಾಗದಂತೆ ಮಡಿಸಿ, ನಾಲ್ಕು ಕಾಲಿಗೂ ಬಟ್ಟಲು ಇಡುವುದು ಹಳೆಯ ಪದ್ಧತಿ. ಈಗ ಅದೇ ಉಪಾಯದ ಪ್ಲಾಸ್ಟಿಕ್ ಬಲೆಗಳು ಮಾರಾಟಕ್ಕಿವೆ. ನಯವಾದ ಗೋಡೆ ಹತ್ತಲಾರದೆ ತಿಗಣೆ ಅದರೊಳಗೆ ಸಿಕ್ಕಿಬೀಳುತ್ತದೆಂಬುದು ತರ್ಕ. ಪ್ರಭೇದದ ವ್ಯತ್ಯಾಸ ಎದುರಾಗುವುದು ಇಲ್ಲೇ. ಉಷ್ಣವಲಯದ ತಿಗಣೆಯ ಕಾಲಿನಲ್ಲಿ ಅಂಟುವ ರೋಮಗಳ ಮೆತ್ತೆ ಹೆಚ್ಚು ಬೆಳೆದಿದೆ. ತಂಪುದೇಶದ ತಿಗಣೆ ಜಾರಿಬೀಳುವ ನಯವಾದ ಗೋಡೆಯನ್ನು ನಮ್ಮದು ಹತ್ತಿ ಪಾರಾಗಬಲ್ಲದು. ಬಟ್ಟಲಿನ ಒಳಗೋಡೆಗೆ ಟಾಲ್ಕಂ ಪೌಡರನ್ನು ತೆಳ್ಳಗೆ ಸವರಿ, ಅದು ಹೋದಂತೆ ಮತ್ತೆ ಸವರುತ್ತಿದ್ದರೆ ಕಾಲು ಹಿಡಿತ ತಪ್ಪುತ್ತದೆ. ಬಟ್ಟಲಿಗೆ ನೀರು ತುಂಬುವವರು ವಾರಕ್ಕೊಮ್ಮೆಯಾದರೂ ಚೆಲ್ಲದಿದ್ದರೆ ಡೆಂಗೆ ಸೊಳ್ಳೆ ಸಾಕಿದಂತಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲುಗಳನ್ನು ಮಂಚದ ಬಳಿಗೂ ತರಬಾರದು. ಬೆಂಕಿ ಹೊತ್ತಿಕೊಳ್ಳಲು ಒಂದು ಕಿಡಿ ಸಾಕು.

ಬೇವಿನ ಸೊಪ್ಪು, ಕರ್ಪೂರ, ನುಸಿಗುಳಿಗೆಗಳು ಮುತ್ತಿಗೆಯನ್ನು ನಿವಾರಿಸುವುದಿಲ್ಲ. ಬೋರಿಕ್ ಪುಡಿಯನ್ನು ಜಿರಲೆ ನೆಕ್ಕಿ ಸಾಯುತ್ತದೆ. ರಕ್ತವನ್ನಷ್ಟೇ ಕುಡಿಯುವ ತಿಗಣೆ ಅದನ್ನೇಕೆ ತಿನ್ನುತ್ತದೆ? ಪ್ಲಗ್ಗಿಗೆ ಸಿಕ್ಕಿಸುವ ಶಬ್ದತರಂಗದ ಯಂತ್ರಗಳು ಹಣ ದಂಡ. ಕೋಣೆಯ ತುಂಬ ಹೊಗೆ ತುಂಬಿಸುವ ಡಬ್ಬಿಗಳೂ ಸಂದಿಯೊಳಗೆ ತಲುಪುವುದಿಲ್ಲವೆಂದು ಅಮೆರಿಕದ ಒಹಾಯೋದಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪರೀಕ್ಷೆ ತೋರಿಸಿತು. ಸಿಲಿಕಾ ಪುಡಿ, ಡಯಾಟಮ್ ಮಣ್ಣಿನ ಪುಡಿಗಳದು ಬೇರೆ ಮಾತು. ಅವು ಕೀಟದ ಮೈಮೇಲಿನ ಮೇಣದ ಪದರ ಹೀರಿ, ನೀರಿನಂಶ ಆರಿಸಿ ಕೊಲ್ಲುತ್ತವೆ. ಬಿರುಕುಗಳೊಳಗೆ ಕಾಣದಷ್ಟು ತೆಳ್ಳಗೆ ಊದಬೇಕು. ಹಾಸಿಗೆಯ ಮೇಲೆ ಎರಚಿದರೆ ಪುಡಿ ಶ್ವಾಸಕೋಶ ಸೇರುತ್ತದೆ.

ವಿಷ ಬಳಸುವುದಾದರೆ

ಇಷ್ಟಾದರೂ ಬಗ್ಗದಿದ್ದಾಗ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಯಬೇಕಾಗುತ್ತದೆ. ಕೀಟನಾಶಕಗಳು 1968ರ ಕೀಟನಾಶಕ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಮನೆಗಳಿಗೆ ಔಷಧಿ ಹೊಡೆಯುವ ಸಂಸ್ಥೆಗೆ ಪರವಾನಗಿ ಇರಬೇಕು. ಪರವಾನಗಿ ತೋರಿಸಿ ಎಂದು ಕೇಳುವುದು, ಯಾವ ರಾಸಾಯನಿಕ ಎಂದು ಬರೆಸಿಕೊಳ್ಳುವುದು, ಎಷ್ಟು ಗಂಟೆ ಮನೆಯಿಂದ ಹೊರಗಿರಬೇಕೆಂದು ತಿಳಿಯುವುದು ಗ್ರಾಹಕರ ಹಕ್ಕು. ಹೆಚ್ಚಿನ ವಿಷಗಳು ಮೊಟ್ಟೆಯನ್ನು ಪೂರ್ತಿ ಕೊಲ್ಲುವುದಿಲ್ಲವಾದ್ದರಿಂದ ಹತ್ತರಿಂದ ಹದಿನಾಲ್ಕು ದಿನದ ಬಳಿಕ ಎರಡನೆಯ ಸಲ, ಬೇಕಾದರೆ ಮೂರನೆಯ ಸಲ ಹೊಡೆಸಬೇಕು. ಒಂದೇ ಭೇಟಿಯಲ್ಲಿ ಮುಗಿಸುತ್ತೇವೆ ಎನ್ನುವವರಿಗಿಂತ ಎರಡನೆಯ ಭೇಟಿಯ ತಾರೀಖು ಹೇಳುವವರು ಮೇಲು.

ಇಲ್ಲಿ ಒತ್ತಿ ಹೇಳಬೇಕಾದದ್ದು ಕಾಳು ಕೆಡದಂತೆ ಗೋದಾಮಿನಲ್ಲಿಡುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯ ಬಗ್ಗೆ. ಗಾಳಿಯ ತೇವ ತಾಗಿದರೆ ಅದು ಫಾಸ್ಫೀನ್ ಅನಿಲ ಬಿಡುತ್ತದೆ. ಈ ಅನಿಲ ಬಾಗಿಲ ಸಂದು, ಪೈಪಿನ ತೂತುಗಳಲ್ಲಿ ಪಕ್ಕದ ಮನೆಗೂ ನುಸುಳುತ್ತದೆ, ಇದಕ್ಕೆ ಪ್ರತಿವಿಷವಿಲ್ಲ. ಸಾರ್ವಜನಿಕರಿಗೆ ಇದರ ಬಿಡಿ ಮಾರಾಟಕ್ಕೆ ನಿರ್ಬಂಧವಿದೆ. ಆದರೂ ತಿಗಣೆಗೆಂದು ಕೋಣೆಯಲ್ಲಿ ಇಟ್ಟು ಮಕ್ಕಳು, ದೊಡ್ಡವರು ಪ್ರಾಣ ಕಳೆದುಕೊಂಡ ಸುದ್ದಿಗಳು ದೇಶದ ಹಲವೆಡೆಯಿಂದ ಬಂದಿವೆ. ತಿಗಣೆ ಈವರೆಗೆ ಮಾಡದ ಕೊಲೆಯನ್ನು ತಿಗಣೆಯ ಔಷಧಿ ಮಾಡಿದೆ. ಹಿಂದಿನ ತಲೆಮಾರಿನ ಮನೆಗಳಲ್ಲಿದ್ದ ಟಿಕ್-20ರಂಥ ಆರ್ಗನೋಫಾಸ್ಫರಸ್ ದ್ರಾವಣಗಳೂ ಇದೇ ಕಾರಣಕ್ಕೆ ವಿಷವೈದ್ಯಶಾಸ್ತ್ರದ ಪುಸ್ತಕ ಸೇರಿದವು. ಹೊಲಕ್ಕೆ ತಂದ ಔಷಧಿಯನ್ನು ಮಂಚಕ್ಕೆ ಬಳಸಬಾರದು. ಔಷಧಿ ಹೊಡೆದ ಮನೆಯಲ್ಲಿ ಯಾರಿಗಾದರೂ ವಾಂತಿ, ತಲೆಸುತ್ತು, ಉಸಿರಾಟದ ತೊಂದರೆ ಕಂಡರೆ ಕೂಡಲೇ ಹೊರಗೆ ಗಾಳಿಗೆ ತಂದು, ಔಷಧಿಯ ಡಬ್ಬಿ ಅಥವಾ ಅದರ ಫೋಟೋದೊಂದಿಗೆ ಆಸ್ಪತ್ರೆಗೆ ಒಯ್ಯಬೇಕು. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರ ವೈದ್ಯರಿಗೂ ಜನರಿಗೂ ದೂರವಾಣಿಯಲ್ಲಿ ಸಲಹೆ ಕೊಡುತ್ತದೆ.

ಪಿ.ಜಿ., ಹಾಸ್ಟೆಲು, ವಠಾರಗಳಲ್ಲಿ

ಬೆಂಗಳೂರಿನ ಪಿ.ಜಿ.ಗಳಲ್ಲಿ ತಿಂಗಳಿಗೊಬ್ಬರು ಬಂದುಹೋಗುವ ಮಂಚಗಳು, ಒಂದೇ ಗೋಡೆ ಹಂಚಿಕೊಂಡ ಕೋಣೆಗಳು, ವೈರು ಎಳೆದ ಪೈಪುಗಳು ತಿಗಣೆಗೆ ರಾಜಮಾರ್ಗ. ಅಂಥಲ್ಲಿ ದೂರು ಕೊಟ್ಟವನ ಕೋಣೆಗೆ ಮಾತ್ರ ಔಷಧಿ ಹೊಡೆಸಿದರೆ ಕೆಲವು ಹುಳು ಸತ್ತು ಉಳಿದವು ಪಕ್ಕಕ್ಕೆ ಸರಿಯುತ್ತವೆ, ವಾರ ಕಳೆದು ಮರಳುತ್ತವೆ. ಎಡಬಲದ, ಮೇಲುಕೆಳಗಿನ ಕೋಣೆಗಳನ್ನು ಒಂದೇ ಸಲ ಪರೀಕ್ಷಿಸಿ ಒಟ್ಟಿಗೇ ಕೆಲಸ ಮಾಡಿಸಬೇಕು. ಖರ್ಚನ್ನು ಬಾಡಿಗೆದಾರರಲ್ಲಿ ಒಬ್ಬನ ತಲೆಗೆ ಕಟ್ಟುವ ಮಾಲೀಕರು ಕೊನೆಗೆ ತಮ್ಮ ಇಡೀ ಕಟ್ಟಡಕ್ಕೆ ಖರ್ಚು ಮಾಡಬೇಕಾಗುತ್ತದೆ. ನಾಚಿಕೆಯಿಂದ ಮುಚ್ಚಿಡುವ ಬಾಡಿಗೆದಾರರೂ ಅಷ್ಟೇ ಹಾನಿ ಮಾಡುತ್ತಾರೆ. ಮರದ ಮಂಚಕ್ಕಿಂತ ಟೊಳ್ಳಿನ ಬಾಯಿ ಮುಚ್ಚಿದ ಕಬ್ಬಿಣದ ಮಂಚ ಇಂಥ ಜಾಗಗಳಿಗೆ ಒಪ್ಪುತ್ತದೆ. ಕೊಳವೆಯ ತುದಿಯ ಪ್ಲಾಸ್ಟಿಕ್ ಬಿರಡೆ ಬಿದ್ದುಹೋಗಿದ್ದರೆ ಅದರಷ್ಟು ಒಳ್ಳೆಯ ತಿಗಣೆಗೂಡು ಇನ್ನೊಂದಿಲ್ಲ.

ಕೆಲಸ ಮುಗಿದ ಮೇಲೂ ಕಾಲಿನ ಬಟ್ಟಲುಗಳನ್ನು ತೆಗೆಯಬಾರದು. ವಾರಕ್ಕೊಮ್ಮೆ ಅವನ್ನೂ ಹಾಸಿಗೆಯ ಹೊಲಿಗೆಗಳನ್ನೂ ಟಾರ್ಚು ಹಿಡಿದು ನೋಡುತ್ತಿದ್ದು, ಎರಡು ತಿಂಗಳ ಕಾಲ ಹುಳು, ಹೊಸ ಕಪ್ಪು ಚುಕ್ಕೆ, ಹೊಸ ಪೊರೆ ಯಾವುದೂ ಕಾಣದಿದ್ದರೆ ಮನೆ ಶುದ್ಧವಾಯಿತೆನ್ನಬಹುದು. ಹಳೆಯ ಕಲೆಗಳನ್ನು ಮೊದಲೇ ತೊಳೆದಿಟ್ಟರೆ ಹೊಸದು ಮೂಡಿದ್ದು ತಿಳಿಯುತ್ತದೆ. ಹಾಸಿಗೆಯ ಕವರು ಮಾತ್ರ ವರ್ಷದವರೆಗೂ ಬಿಚ್ಚದೆ ಹಾಗೇ ಇರಬೇಕು.